ಬಾಳೆಯ ಸೊರಗು ರೋಗ ಊರಿಂದೂರಿಗೆ ಹರಡುವ ಬಗೆ

ನಮ್ಮ ಹಣ್ಣಿನ ತೋಟಗಳನ್ನು ಕಾಡುವ ಶಿಲೀಂಧ್ರ ರೋಗಗಳು ಹಲವಾರು. ಮಾವಿನ ಹೂವಿಗೆ ಬೂದಿ ರೋಗ ತಗಲುತ್ತದೆ, ದಾಳಿಂಬೆ ಸೊರಗುತ್ತದೆ, ಸೀಬೆ ಮರ ನಿಂತಲ್ಲೇ ಒಣಗುತ್ತದೆ. ಆದರೆ ಖಂಡದಿಂದ ಖಂಡಕ್ಕೆ, ಊರಿನಿಂದ ಊರಿಗೆ ಸಾಗುತ್ತಾ ಹೋಗಿ, ಹೋದಲ್ಲೆಲ್ಲಾ ಬೆಳೆಯುವ ತಳಿಯನ್ನೇ ಬದಲಾಯಿಸಿದ ರೋಗ ಯಾವುದೆಂದು ಕೇಳಿದರೆ ಬಾಳೆಯ ಸೊರಗು ರೋಗವನ್ನೇ ಮೊದಲು ಹೇಳಬೇಕಾಗುತ್ತದೆ. ಇದಕ್ಕೆ ಪನಾಮಾ ರೋಗವೆಂಬ ಹೆಸರೂ ಇದೆ. ಬಾಳೆಯನ್ನು ಸಸ್ಯಶಾಸ್ತ್ರಜ್ಞರು ಮರವೆಂದು ಒಪ್ಪುವುದಿಲ್ಲ. ಅದು ದೊಡ್ಡದಾಗಿ ಬೆಳೆಯುವ ಒಂದು ಮೂಲಿಕೆಯಷ್ಟೇ. ತೋಟವಿಟ್ಟವರಿಗೆ ಈ ವ್ಯತ್ಯಾಸದಿಂದ ಆಗಬೇಕಾದುದೇನೂ ಇಲ್ಲ.

ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿ, ತಾವರೆಕೆರೆ, ಮಾಗಡಿ, ಬಿಡದಿ ಕಡೆಯ ರೈತರು ಪೇಟೆಯನ್ನು ನಂಬಿ ಏಲಕ್ಕಿ ಬಾಳೆ ಇಡುವುದುಂಟು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಅಂಗಡಿಗಳಲ್ಲಿ ಏಲಕ್ಕಿ ಬಾಳೆಗೆ ಪಚ್ಚಬಾಳೆಗಿಂತ ಹೆಚ್ಚು ಬೆಲೆ. ಹಬ್ಬದ ದಿನಗಳಲ್ಲಂತೂ ಹೇಳಬೇಕಾದುದಿಲ್ಲ. ಆದರೆ ಹೀಗೆ ಹೆಚ್ಚು ಬೆಲೆ ತರುವ ಏಲಕ್ಕಿ ಮತ್ತು ರಸಬಾಳೆಗಳೇ ಸೊರಗು ರೋಗಕ್ಕೆ ಸುಲಭವಾಗಿ ತುತ್ತಾಗುವಂಥವು. ಈ ರೋಗದ ಔಷಧಗಳ ಬಗ್ಗೆ ರೈತರು ಮೇಲಿಂದ ಮೇಲೆ ಕೇಳುತ್ತಾರೆ. ಅದು ತೋಟಕ್ಕೆ ಬಂದ ದಾರಿಯ ಬಗ್ಗೆ ಕೇಳುವವರು ಕಡಿಮೆ. ಬಂದ ಮೇಲೆ ಮಣ್ಣಿನಿಂದ ಹೊರಡಿಸುವ ಔಷಧ ಇದುವರೆಗೆ ದೊರೆತಿಲ್ಲವಾದ ಕಾರಣ, ಈ ಲೇಖನದಲ್ಲಿ ದಾರಿಯ ವಿಷಯವನ್ನೇ ವಿಸ್ತಾರವಾಗಿ ಹೇಳಲಾಗಿದೆ.

ರೋಗದ ಗುರುತು

ಸಾಮಾನ್ಯವಾಗಿ ನಾಟಿ ಮಾಡಿದ ಐದಾರು ತಿಂಗಳಿಗೆ ಲಕ್ಷಣಗಳು ಕಂಡುಬರುತ್ತವೆ. ಮೊದಲಿಗೆ ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ. ಹಳದಿ ಬಣ್ಣ ಅಂಚಿನಿಂದ ನಡುನರದ ಕಡೆಗೆ ಸಾಗುತ್ತದೆ. ಬಳಿಕ ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಮುರಿದು, ಎಲೆಗಳು ಕಾಂಡದ ಸುತ್ತ ಲಂಗದಂತೆ ಜೋತು ಬೀಳುತ್ತವೆ. ನಡುವಿನ ಸುಳಿ ಎಲೆ ಮಾತ್ರ ಕೆಲವು ದಿನ ಹಸಿರಾಗಿ ನೆಟ್ಟಗೆ ನಿಂತಿರುತ್ತದೆ. ಅನೇಕ ವೇಳೆ ಕಾಂಡದ ಬುಡ ಉದ್ದುದ್ದಕ್ಕೆ ಸೀಳುತ್ತದೆ. ಗೊನೆ ಬಂದರೂ ಕಾಯಿ ತುಂಬುವುದಿಲ್ಲ.

ನೀರಿನ ಕೊರತೆಯಿಂದಲೂ ಎಲೆ ಹಳದಿಯಾಗುತ್ತದೆ, ಪೊಟ್ಯಾಷ್ ಕೊರತೆಯಿಂದಲೂ ಆಗುತ್ತದೆ. ಆದುದರಿಂದ ಎಲೆ ನೋಡಿ ತೀರ್ಮಾನಿಸಬಾರದು. ಅನುಮಾನದ ಗಿಡದ ಕಾಂಡವನ್ನು ಬುಡದಲ್ಲಿ ಅಡ್ಡಲಾಗಿ ಕತ್ತರಿಸಿ ನೋಡಬೇಕು. ಸೊರಗು ರೋಗವಾಗಿದ್ದರೆ ನೀರು ಸಾಗಿಸುವ ನಾಳಗಳು ಕೆಂಗಂದು ಬಣ್ಣದ ಚುಕ್ಕೆಗಳಂತೆಯೂ, ಉದ್ದಕ್ಕೆ ಸೀಳಿದಾಗ ಅದೇ ಬಣ್ಣದ ಗೆರೆಗಳಂತೆಯೂ ಕಾಣುತ್ತವೆ. ಗೆಡ್ಡೆಯನ್ನು ಕೊಯ್ದರೆ ಒಳಗೂ ಇದೇ ಬಣ್ಣ. ಇನ್ನೊಂದು ಸುಲಭ ಪರೀಕ್ಷೆಯುಂಟು. ಕತ್ತರಿಸಿದ ಕಾಂಡದ ಸಣ್ಣ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಬೇಕು. ತುಂಡಿನಿಂದ ಹಾಲಿನಂತಹ ಎಳೆ ಇಳಿಯತೊಡಗಿದರೆ ಅದು ದುಂಡಾಣುವಿನಿಂದ ಬಂದ ರೋಗ. ನೀರು ತಿಳಿಯಾಗಿಯೇ ಉಳಿದು, ನಾಳಗಳು ಮಾತ್ರ ಕೆಂಗಂದಾಗಿದ್ದರೆ ಶಿಲೀಂಧ್ರದ ಸೊರಗು ರೋಗವೆಂದು ಬಹುಮಟ್ಟಿಗೆ ನಂಬಬಹುದು.

ಈ ಲಕ್ಷಣಗಳೆಲ್ಲವೂ ತಡವಾಗಿ ಬರುವಂಥವು ಎಂಬುದನ್ನು ರೈತರು ಮುಖ್ಯವಾಗಿ ಗಮನಿಸಬೇಕು. ಶಿಲೀಂಧ್ರವು ಬೇರನ್ನು ಹೊಕ್ಕ ದಿನದಿಂದ ಎಲೆ ಹಳದಿಯಾಗುವವರೆಗೆ ಎರಡು ತಿಂಗಳೋ ಅದಕ್ಕಿಂತಲೂ ಹೆಚ್ಚೋ ಕಳೆದಿರುತ್ತದೆ. ಆ ಅವಧಿಯಲ್ಲಿ ತಾಯಿಗಿಡ ಚೆನ್ನಾಗಿಯೇ ಕಾಣುತ್ತದೆ, ಅದರ ಬುಡದ ಕಂದುಗಳೂ ಚೆನ್ನಾಗಿಯೇ ಕಾಣುತ್ತವೆ. ರೋಗ ದೂರದೂರಿಗೆ ಹೋಗುವುದು ಈ ಅವಧಿಯಲ್ಲಿಯೇ.

ಮಣ್ಣಿನೊಳಗೆ ಅದರ ಬದುಕು

ರೋಗಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಫ್ಯುಸೇರಿಯಂ ಆಕ್ಸಿಸ್ಪೋರಂ. ಈ ಹೆಸರಿನ ಗುಂಪಿನಲ್ಲಿ ಟೊಮ್ಯಾಟೊ, ಕಡಲೆ ಮುಂತಾದವನ್ನು ಸೊರಗಿಸುವ ಬಗೆಗಳೂ ಇವೆ. ಅವು ಬಾಳೆಗೆ ಬರುವುದಿಲ್ಲ, ಬಾಳೆಯದು ಕಡಲೆಗೆ ಬರುವುದಿಲ್ಲ. ಬಾಳೆಗೆ ಬರುವ ಬಗೆಗೆ ಕ್ಯೂಬಾ ದೇಶದ ಹೆಸರಿನಿಂದ ಕ್ಯುಬೆನ್ಸ್ ಎಂಬ ವಿಶೇಷಣ ಸೇರಿದೆ. 1910ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿನ್ ಸ್ಮಿತ್ ಕ್ಯೂಬಾದಿಂದ ತರಿಸಿದ ರೋಗಪೀಡಿತ ಗಿಡದಲ್ಲಿ ಅದನ್ನು ಗುರುತಿಸಿ ಹೆಸರಿಟ್ಟರು.

ಈ ಶಿಲೀಂಧ್ರವು ಎಳೆಯ ಬೇರುಗಳ ಮೂಲಕ ಒಳಹೊಕ್ಕು, ಗೆಡ್ಡೆಯನ್ನು ಸೇರಿ, ನೀರಿನ ನಾಳಗಳಲ್ಲಿ ಮೇಲೇರುತ್ತದೆ. ಅದನ್ನು ತಡೆಯಲು ಗಿಡವು ತನ್ನ ನಾಳಗಳನ್ನು ತಾನೇ ಅಂಟಿನಿಂದ ಮುಚ್ಚಿಕೊಳ್ಳುತ್ತದೆ. ಕೊನೆಗೆ ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಗಿಡ ಸತ್ತ ನಂತರ ಶಿಲೀಂಧ್ರ ದಪ್ಪ ಗೋಡೆಯ ಬೀಜಾಣುಗಳನ್ನು ಮಾಡಿಕೊಂಡು ಮಣ್ಣಿನಲ್ಲಿ ಉಳಿದುಬಿಡುತ್ತದೆ. ಬಾಳೆಯೇ ಇಲ್ಲದ ಹೊಲದಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ಕಾಲವೂ ಅದು ಬದುಕಿರಬಲ್ಲದು. ಕೆಲವು ಜಾತಿಯ ಹುಲ್ಲು ಕಳೆಗಳ ಬೇರಿನಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಆಶ್ರಯ ಪಡೆಯುತ್ತದೆ. ಆದುದರಿಂದ ಕಳೆ ತುಂಬಿದ ಬೀಳನ್ನು ನೆಲಕ್ಕೆ ಕೊಟ್ಟ ವಿಶ್ರಾಂತಿ ಎಂದು ತಿಳಿಯಬಾರದು.

ಇದೇ ಬಾಳೆಗೆ ಸಿಗಟೋಕ ಎಂಬ ಎಲೆಚುಕ್ಕೆ ರೋಗವಿದೆ. ಫಿಜಿ ದ್ವೀಪದ ಒಂದು ಕಣಿವೆಯಿಂದ ಆ ಹೆಸರು ಬಂದಿದೆ. ಅದರ ಬೀಜಾಣುಗಳು ಎಲೆಯಿಂದೆದ್ದು ಗಾಳಿಯಲ್ಲಿ ಹಾರುತ್ತವೆ. ಅಕ್ಕಪಕ್ಕದ ತೋಟದವರು ಎಷ್ಟೇ ಎಚ್ಚರಿಕೆಯಿಂದಿದ್ದರೂ ಗಾಳಿಗೆ ಬೇಲಿ ಹಾಕಲಾಗದು. ಸೊರಗು ರೋಗ ಹಾಗಲ್ಲ. ತಾನಾಗಿ ಸಾಗಿದರೆ ಬೇರಿಗೆ ಬೇರು ತಾಗುವಷ್ಟು ದೂರ, ಎಂದರೆ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಮಾತ್ರ ಅದು ಹೋಗಬಲ್ಲದು. ಅದಕ್ಕಿಂತ ಮುಂದಕ್ಕೆ ಹೋಗಬೇಕಾದರೆ ಯಾರಾದರೂ ಗೆಡ್ಡೆಯನ್ನೋ ಮಣ್ಣನ್ನೋ ಹೊತ್ತೊಯ್ಯಬೇಕು, ಇಲ್ಲವೇ ನೀರು ಕೊಚ್ಚಿಕೊಂಡು ಹೋಗಬೇಕು. ಸಮುದ್ರಗಳನ್ನು ದಾಟಿದ ರೋಗವೊಂದು ಸ್ವಂತ ಬಲದಿಂದ ಏಳಡಿಗಿಂತ ಹೆಚ್ಚು ನಡೆಯಲಾರದು ಎಂಬುದು ವಿಚಿತ್ರವೆನಿಸಿದರೂ ನಿಜ.

ಪನಾಮಾದಿಂದ ನಂಜನಗೂಡಿಗೆ

ಈ ರೋಗದ ಮೊದಲ ವರದಿ ಬಂದುದು ಪನಾಮಾದಿಂದಲ್ಲ, ಆಸ್ಟ್ರೇಲಿಯದಿಂದ. 1876ರಲ್ಲಿ ಕ್ವೀನ್ಸ್‌ಲ್ಯಾಂಡಿನ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯರು ಇದನ್ನು ವರ್ಣಿಸಿದರು. 1890ರ ಸುಮಾರಿಗೆ ಮಧ್ಯ ಅಮೆರಿಕದ ಪನಾಮಾ ಮತ್ತು ಕೋಸ್ಟರಿಕಾಗಳಲ್ಲಿ ಕಾಣಿಸಿಕೊಂಡಾಗ ಜಗತ್ತಿನ ಗಮನ ಅದರತ್ತ ಹರಿಯಿತು. ಅಲ್ಲಿ ಹಡಗಿನಲ್ಲಿ ರಫ್ತಾಗುತ್ತಿದ್ದ ಬಾಳೆಯೆಲ್ಲಾ ಗ್ರೋ ಮಿಷೆಲ್ ಎಂಬ ಒಂದೇ ತಳಿ. ಸಾವಿರಾರು ಎಕರೆಗಳಲ್ಲಿ ಒಂದೇ ತಾಯಿಯ ಕಂದುಗಳು. ಹೊಸ ತೋಟಕ್ಕೆ ಹಳೆಯ ತೋಟದಿಂದ ಕಂದು ತರುವುದು, ಅಲ್ಲಿ ಸೊರಗಿದಾಗ ಇನ್ನೊಂದು ಕಾಡು ಕಡಿದು ಅಲ್ಲಿಗೂ ಅದೇ ಕಂದು ಒಯ್ಯುವುದು, ಹೀಗೆ ಐವತ್ತು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ತೋಟ ನಾಶವಾಯಿತೆಂದು ಅಂದಾಜು ಮಾಡಲಾಗಿದೆ. ರೋಗದಿಂದ ತಪ್ಪಿಸಿಕೊಳ್ಳಲು ಹೊಸ ನೆಲಕ್ಕೆ ಓಡಿದವರೇ ರೋಗವನ್ನು ಹೊಸ ನೆಲಕ್ಕೆ ತಲುಪಿಸಿದರು. ಹೊಂಡುರಾಸ್ ದೇಶದಲ್ಲಿ ತೋಟಗಳಿಗೆ ತಿಂಗಳುಗಟ್ಟಲೆ ನೀರು ನಿಲ್ಲಿಸಿಯೂ ನೋಡಿದರು. ಮಣ್ಣಿನಲ್ಲಿ ಶಿಲೀಂಧ್ರ ಕಡಿಮೆಯಾದದ್ದು ನಿಜ. ಆದರೆ ಮತ್ತೆ ಬಾಳೆ ಇಟ್ಟ ಕೆಲವು ವರ್ಷಗಳಲ್ಲಿಯೇ ಅದು ಹಿಂದಿರುಗಿತು. ಅಂತಿಮವಾಗಿ 1960ರ ಹೊತ್ತಿಗೆ ಗ್ರೋ ಮಿಷೆಲ್ ರಫ್ತು ವ್ಯಾಪಾರದಿಂದಲೇ ಮರೆಯಾಗಿ, ಅದರ ಜಾಗಕ್ಕೆ ಕ್ಯಾವೆಂಡಿಶ್ ಗುಂಪಿನ ತಳಿಗಳು ಬಂದವು. ನಮ್ಮ ಪಚ್ಚಬಾಳೆ, ರೊಬಸ್ಟಾ, ಜಿ-9 ಎಲ್ಲವೂ ಇದೇ ಗುಂಪಿನವು.

ಭಾರತದಲ್ಲಿ ಈ ರೋಗವು ಮೊದಲು ವರದಿಯಾದುದು 1911ರಲ್ಲಿ, ಬಂಗಾಳದಿಂದ. ಕನ್ನಡ ನಾಡಿನಲ್ಲಿ ಅದರ ಹೊಡೆತವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ನಂಜನಗೂಡಿನ ರಸಬಾಳೆ ಬೆಳೆಗಾರರು. ಕಪಿಲಾ ತೀರದ ಈ ಬಾಳೆಯ ಪರಿಮಳ ಮತ್ತು ರುಚಿಯನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ದೇವರಸನಹಳ್ಳಿ ಮತ್ತು ಸುತ್ತಲ ಊರುಗಳಲ್ಲಿ ಒಂದು ಕಾಲಕ್ಕೆ ನೂರಾರು ಎಕರೆಗಳಲ್ಲಿದ್ದ ಬೆಳೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಸೊರಗು ರೋಗದಿಂದ ಕುಗ್ಗುತ್ತಾ ಬಂದು, ಕೆಲವೇ ರೈತರ ಸಣ್ಣ ತಾಕುಗಳಿಗೆ ಇಳಿಯಿತು. 2005-06ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಹೆಸರಿಗೆ ರಕ್ಷಣೆ ಬಂದಿತು. ಅಷ್ಟರಲ್ಲಿ ಬೆಳೆಯ ಬಹುಭಾಗ ಹೊರಟುಹೋಗಿತ್ತು.

ರಸಬಾಳೆಯ ವಿಷಯದಲ್ಲಿ ನಾವು ಗಮನಿಸಬೇಕಾದುದೊಂದಿದೆ. ಪ್ರಸಿದ್ಧ ತಳಿಯ ಕಂದಿಗೆ ಬೇಡಿಕೆ ಹೆಚ್ಚು. ಅದರ ಕಂದು ಸಿಕ್ಕಿತೆಂದರೆ ಬೀಗರು, ನೆಂಟರು, ಸ್ನೇಹಿತರು ಹಂಚಿಕೊಳ್ಳುವುದು ನಮ್ಮಲ್ಲಿ ಪ್ರೀತಿಯ ಗುರುತು. ಬೀಜದಿಂದ ಬೆಳೆಯುವ ಬೆಳೆಯಾಗಿದ್ದರೆ ಮಣ್ಣಿನ ರೋಗ ಅಷ್ಟು ಸುಲಭವಾಗಿ ಜೊತೆಗೆ ಬರುತ್ತಿರಲಿಲ್ಲ. ಬಾಳೆಯ ಕಂದಾದರೋ ತಾಯಿಯ ಗೆಡ್ಡೆಯದೇ ಒಂದು ಭಾಗ. ತಾಯಿಯ ನಾಳದಲ್ಲಿರುವುದು ಮಗುವಿನ ನಾಳದಲ್ಲಿಯೂ ಇರುತ್ತದೆ, ಅದರ ಬೇರಿಗಂಟಿದ ಮಣ್ಣಿನಲ್ಲಿಯೂ ಇರುತ್ತದೆ.

ಪಚ್ಚಬಾಳೆಯನ್ನೂ ಬಿಡದ ಹೊಸ ಬಗೆ

ಸೊರಗು ರೋಗದ ಶಿಲೀಂಧ್ರದಲ್ಲಿ ಪಂಗಡಗಳಿವೆ. ನಮ್ಮಲ್ಲಿ ಬಹುಕಾಲದಿಂದಿರುವ ಮೊದಲನೆಯ ಪಂಗಡ ರಸಬಾಳೆ, ಏಲಕ್ಕಿ, ಕರ್ಪೂರವಳ್ಳಿಗಳನ್ನು ಹಿಡಿಯುತ್ತದೆ. ಪಚ್ಚಬಾಳೆಯ ಗುಂಪು ಸಾಮಾನ್ಯವಾಗಿ ಅದನ್ನು ತಡೆದುಕೊಳ್ಳುತ್ತದೆ. ಆದುದರಿಂದಲೇ ಏಲಕ್ಕಿ ಸೊರಗಿದ ನೆಲದಲ್ಲಿ ಜಿ-9 ಇಟ್ಟು ಬೆಳೆ ತೆಗೆದವರಿದ್ದಾರೆ.

ನಾಲ್ಕನೆಯ ಪಂಗಡದ್ದು ಬೇರೆಯ ಕಥೆ. ಅದರ ಉಷ್ಣವಲಯದ ಬಗೆಯನ್ನು ವಿಜ್ಞಾನಿಗಳು ಚಿಕ್ಕದಾಗಿ ಟಿ.ಆರ್.-4 ಎನ್ನುತ್ತಾರೆ. ಇದು ಏಲಕ್ಕಿಯನ್ನೂ ಬಿಡದು, ಪಚ್ಚಬಾಳೆಯನ್ನೂ ಬಿಡದು. 1960ರ ದಶಕದ ಕೊನೆಯಲ್ಲಿ ತೈವಾನಿನಲ್ಲಿ ಪಚ್ಚಬಾಳೆ ಗುಂಪು ಸೊರಗತೊಡಗಿತು. 1990ರ ದಶಕದಲ್ಲಿ ಮಲೇಷಿಯಾ, ಇಂಡೋನೇಷಿಯಾಗಳ ದೊಡ್ಡ ತೋಟಗಳು ನೆಲಕಚ್ಚಿದವು. 1997ರಲ್ಲಿ ಉತ್ತರ ಆಸ್ಟ್ರೇಲಿಯದ ಡಾರ್ವಿನ್, 2013ರಲ್ಲಿ ಆಫ್ರಿಕದ ಮೊಜಾಂಬಿಕ್, 2019ರಲ್ಲಿ ಕೊಲಂಬಿಯಾ, 2021ರಲ್ಲಿ ಪೆರು, 2023ರಲ್ಲಿ ವೆನೆಜುವೆಲಾ, ಹೀಗೆ ವರದಿಗಳು ಬಂದಿವೆ. ಭೂಪಟದಲ್ಲಿ ಈ ಊರುಗಳನ್ನು ಗುರುತು ಮಾಡಿ ನೋಡಿ. ಗಾಳಿಯಿಂದ ಹರಡಿದ ರೋಗವಾಗಿದ್ದರೆ ಅದು ಬೆಂಕಿ ಹಬ್ಬಿದಂತೆ ಅಂಚಿನಿಂದ ಅಂಚಿಗೆ ಸಾಗಬೇಕಾಗಿತ್ತು. ಇದು ಸಾವಿರಾರು ಮೈಲಿಗಳನ್ನು ಹಾರಿ ಹಾರಿ ಬಿದ್ದಿದೆ. ಹಾಗೆ ಹಾರುವುದು ಜನ, ಗಿಡ, ಯಂತ್ರಗಳು ಪ್ರಯಾಣ ಮಾಡಿದಾಗ ಮಾತ್ರ.

ನಮ್ಮ ದೇಶದಲ್ಲಿ ಇದು ಬಿಹಾರದ ಕಟಿಹಾರ್ ಮತ್ತು ಪೂರ್ಣಿಯಾ ಜಿಲ್ಲೆಗಳಲ್ಲಿ, ನಂತರ ಉತ್ತರ ಪ್ರದೇಶದಲ್ಲಿ ಜಿ-9 ತೋಟಗಳನ್ನು ಹಿಡಿದುದನ್ನು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ದೃಢಪಡಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು. ಬಾಳೆಯ ವ್ಯಾಪಾರ ರಾಜ್ಯದಿಂದ ರಾಜ್ಯಕ್ಕೆ ಲಾರಿಗಳಲ್ಲಿ ನಡೆಯುತ್ತದೆ. ಆದುದರಿಂದ ಬಿಹಾರ ದೂರವೆಂದು ಸಮಾಧಾನಪಡುವಂತಿಲ್ಲ.

ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಕಣಿವೆಯಲ್ಲಿ 2015ರಲ್ಲಿ ಈ ಬಗೆ ಕಾಣಿಸಿಕೊಂಡಾಗ ಅಲ್ಲಿನವರು ಮಾಡಿದ್ದನ್ನು ಇಲ್ಲಿ ಹೇಳಬೇಕು. ಬೆಳೆಗಾರರ ಸಂಘವೇ ಮುಂದೆ ಬಂದು ರೋಗ ಬಂದ ತೋಟವನ್ನು ಕೊಂಡುಕೊಂಡು, ಬಾಳೆಯನ್ನೆಲ್ಲಾ ನಾಶಪಡಿಸಿ ಅದನ್ನು ಮುಚ್ಚಿತು. ಸುತ್ತಲ ತೋಟಗಳಲ್ಲಿ ಬೇಲಿ, ಬಾಗಿಲಿನಲ್ಲಿ ಪಾದರಕ್ಷೆ ತೊಳೆಯುವ ತೊಟ್ಟಿ, ವಾಹನ ತೊಳೆಯುವ ಕಟ್ಟೆ ಬಂದವು. ರೋಗ ಇಲ್ಲವಾಗಲಿಲ್ಲ, ಆದರೆ ಅದರ ವೇಗಕ್ಕೆ ಕಡಿವಾಣ ಬಿದ್ದಿತು. ಅರ್ಧ ಎಕರೆಯ ನಮ್ಮ ರೈತರಿಗೆ ಇಷ್ಟೆಲ್ಲಾ ಏರ್ಪಾಡು ಸಾಧ್ಯವಿಲ್ಲ ಎಂಬ ಮಾತು ಸರಿಯೇ. ಆದರೆ ಒಂದು ಬಕೆಟ್ ನೀರು, ಒಂದು ಹಳೆಯ ಕುಂಚ ಸಾಧ್ಯವಿದೆ.

ನಮ್ಮ ಸುತ್ತಿನಲ್ಲಿ ರೋಗದ ದಾರಿಗಳು

ಕೆಂಗೇರಿಯಿಂದ ತಾವರೆಕೆರೆ ಕಡೆಗೆ ಅರ್ಧ ಎಕರೆ ಏಲಕ್ಕಿ ಬಾಳೆ ಇಟ್ಟಿರುವ ರೈತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಏಳಡಿಗೆ ಏಳಡಿ ಅಂತರದಲ್ಲಿ ಅವರ ತೋಟದಲ್ಲಿ ಸುಮಾರು 440 ಗಿಡಗಳಿರುತ್ತವೆ. ಮೊದಲ ವರ್ಷ ಐದು ಗಿಡ ಸೊರಗಿದವು. 440ರಲ್ಲಿ ಐದು ಹೋದರೆ ಹೋಗಲಿ ಎಂದು ಅವರು ಸುಮ್ಮನಾದರು. ಆ ಐದು ಗಿಡಗಳ ಸುತ್ತಲೂ ಒಂದೊಂದಕ್ಕೆ ಎಂಟು ನೆರೆಗಿಡಗಳು. ಎಂದರೆ ನಲವತ್ತು ಗಿಡಗಳ ಬೇರು ಆಗಲೇ ರೋಗದ ಮಣ್ಣಿಗೆ ತಾಗಿದೆ. ಹೊರಗೆ ಅವು ಹಸಿರಾಗಿವೆ. ಅದೇ ಹೊತ್ತಿಗೆ ಮಾಗಡಿಯಿಂದ ಭಾವಮೈದುನ ಬಂದು, "ಭಾವ, ನಿಮ್ಮ ಏಲಕ್ಕಿ ಚೆನ್ನಾಗಿದೆ, ನೂರು ಕಂದು ಕೊಡಿ" ಎನ್ನುತ್ತಾನೆ. ಹಸಿರಾದ ಗಿಡದ ಬುಡದಿಂದಲೇ ಕಿತ್ತು ಕೊಡಲಾಗುತ್ತದೆ. ನೂರರಲ್ಲಿ ಎರಡು ಮೂರು ಕಂದಿನಲ್ಲಿ ರೋಗವಿದ್ದರೂ ಆರು ತಿಂಗಳ ನಂತರ ಮಾಗಡಿಯ ಒಂದು ಹೊಸ ಹೊಲಕ್ಕೆ ಶಿಲೀಂಧ್ರ ಮೂವತ್ತು ವರ್ಷದ ಬಾಡಿಗೆ ಕರಾರು ಮಾಡಿಕೊಂಡಂತಾಯಿತು. ಕೊಟ್ಟವರಿಗೂ ತಿಳಿಯಲಿಲ್ಲ, ಕೊಂಡೊಯ್ದವನಿಗೂ ತಿಳಿಯಲಿಲ್ಲ.

ಎರಡನೆಯ ದಾರಿ ನಮ್ಮ ಬೆಂಗಳೂರಿಗೇ ವಿಶೇಷವಾದುದು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಗಳಲ್ಲಿ ಪೇಟೆಯ ಪ್ರತಿ ಮನೆ, ಅಂಗಡಿ, ವಾಹನಗಳಿಗೆ ಬಾಳೆ ಕಂದು ಕಟ್ಟುತ್ತಾರೆ. ವಿಜಯನಗರ, ರಾಜಾಜಿನಗರಗಳ ರಸ್ತೆ ಬದಿಯಲ್ಲಿ ರಾಶಿ ರಾಶಿಯಾಗಿ ಜೋಡಿಗೆ ಇಷ್ಟೆಂದು ಮಾರಾಟವಾಗುವ ಈ ಕಂದುಗಳು ಸುತ್ತಲ ತೋಟಗಳಿಂದಲೂ ದೂರದ ಜಿಲ್ಲೆಗಳಿಂದಲೂ ಬಂದವು. ಸೊರಗತೊಡಗಿದ ತೋಟವನ್ನು ಹಬ್ಬದ ಕಂದಿಗೆ ಕಡಿದು ಮಾರಿದರೆ ಸ್ವಲ್ಪವಾದರೂ ಹಣ ಬರುತ್ತದೆ ಎಂಬ ಆಸೆ ಸಹಜ, ಅದನ್ನು ತಪ್ಪೆನ್ನಲಾಗದು. ಆದರೆ ಬೇರು ಗೆಡ್ಡೆ ಸಮೇತ ಕಿತ್ತು ಲಾರಿಗೆ ಹಾಕುವುದು ತಪ್ಪು. ನೆಲಮಟ್ಟದಿಂದ ಒಂದಡಿ ಮೇಲಕ್ಕೆ ಕತ್ತರಿಸಿದರೆ ಕಂಬಕ್ಕೆ ಕಟ್ಟುವವರಿಗೆ ಏನೂ ಕಡಿಮೆಯಾಗದು, ಗೆಡ್ಡೆ ಮತ್ತು ಮಣ್ಣು ನಿಮ್ಮ ಹೊಲದಲ್ಲಿಯೇ ಉಳಿಯುತ್ತವೆ. ರೋಗದ ಗಿಡದ ಕಾಂಡದ ನಾಳದಲ್ಲಿಯೂ ಶಿಲೀಂಧ್ರವಿರುವುದರಿಂದ ಅಂಥ ಗಿಡಗಳನ್ನು ಹೀಗೆ ಕತ್ತರಿಸಿಯೂ ಮಾರಬಾರದು. ಹಬ್ಬ ಮುಗಿದ ಮೇಲೆ ಬೀದಿಯಲ್ಲಿ ಬಿದ್ದ ಕಂದು ಕಸದ ರಾಶಿ ಸೇರುತ್ತದೆ. ಪೇಟೆಯ ಕಸದಿಂದ ಮಾಡಿದ ಗೊಬ್ಬರವನ್ನು ಬಾಳೆಗೆ ತರುವವರು ಅದು ಚೆನ್ನಾಗಿ ಕಾದು ಕೊಳೆತ ಗೊಬ್ಬರವೇ ಎಂದು ನೋಡಿಕೊಳ್ಳಬೇಕು. ಹಬ್ಬಕ್ಕೆ ತಂದ ಕಂದಿನಲ್ಲಿ ಬೇರಿದ್ದರೆ ಅದನ್ನು ಹಿತ್ತಲಿನಲ್ಲಿ ನೆಡುವುದು ಪೇಟೆಯವರ ಅಭ್ಯಾಸ. ಎರಡು ವರ್ಷದ ನಂತರ ಆ ಹಿತ್ತಲ ಬಾಳೆಯ ಕಂದೇ ಯುಗಾದಿಗೆ ಊರಿಗೆ ಹೋಗುವವರ ಚೀಲದಲ್ಲಿ ಹಳ್ಳಿಯ ತೋಟಕ್ಕೆ ಬರುತ್ತದೆ. ಅಂಥ ಉಡುಗೊರೆಯನ್ನು ತೋಟದಿಂದ ದೂರವಿಡುವುದು ಒಳ್ಳೆಯದು.

ಇನ್ನು ಹತಾರಗಳು. ಗುದ್ದಲಿ, ಹಾರೆ, ಮಚ್ಚುಗಳನ್ನು ಕೂಲಿಗೆ ಬಂದವರು ತೋಟದಿಂದ ತೋಟಕ್ಕೆ ತೆಗೆದುಕೊಂಡು ಹೋಗುತ್ತಾರೆ. ಬಾಡಿಗೆ ಟ್ರ್ಯಾಕ್ಟರಿನ ರೋಟವೇಟರ್ ಒಂದು ಹೊಲದ ಮಣ್ಣನ್ನು ಇನ್ನೊಂದು ಹೊಲಕ್ಕೆ ತಪ್ಪದೆ ತಲುಪಿಸುತ್ತದೆ. ಹತಾರಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ತೆಗೆದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಮಣ್ಣು ಅಂಟಿದ್ದಾಗ ಆ ದ್ರಾವಣದ ಶಕ್ತಿಯೆಲ್ಲಾ ಮಣ್ಣಿನಲ್ಲಿಯೇ ಕರಗಿಹೋಗುತ್ತದೆ. ಮೊದಲು ಕುಂಚದಿಂದ ಉಜ್ಜಿ, ನೀರಿನಿಂದ ತೊಳೆದು, ಆ ಮೇಲೆ ಅದ್ದಬೇಕು. ತೊಳೆಯುವುದನ್ನು ಟ್ರ್ಯಾಕ್ಟರ್ ನಿಮ್ಮ ಹೊಲಕ್ಕೆ ಇಳಿಯುವ ಮುನ್ನ ಮಾಡಿಸಿ. ಚಾಲಕ ಗೊಣಗಿದರೂ ಚಿಂತೆಯಿಲ್ಲ.

ನೀರಿನ ದಾರಿಯೂ ಚಿಕ್ಕದಲ್ಲ. ಮೇಲಿನ ತಾಕಿನಲ್ಲಿ ಸೊರಗು ರೋಗವಿದ್ದು, ಹಾಯಿಸಿದ ನೀರು ಅಲ್ಲಿಂದ ಕೆಳಗಿನ ತಾಕಿಗೆ ಇಳಿದರೆ ಮಣ್ಣಿನ ಜೊತೆ ಬೀಜಾಣುಗಳೂ ಇಳಿಯುತ್ತವೆ. ಸೊರಗಿದ ಗಿಡಗಳನ್ನು ಕಿತ್ತು ರಾಜಕಾಲುವೆಗೋ ಹಳ್ಳಕ್ಕೋ ಎಸೆಯುವ ಕೆಟ್ಟ ರೂಢಿಯೊಂದಿದೆ. ವೃಷಭಾವತಿಯ ನೀರು ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಂದ ಹೊರಟು ಕೆಂಗೇರಿಯ ಮೂಲಕ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಆ ನೀರಿನ ಕೊಳಕಿನ ಬಗ್ಗೆ ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳ್ಳಕ್ಕೆ ಎಸೆದದ್ದು ಕೆಳಗಿನವರ ಗದ್ದೆ ತೋಟಗಳಿಗೆ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಸಬೇಕಾಗಿದೆ. ಹನಿ ನೀರಾವರಿ ಇದ್ದವರಿಗೆ ತಾಕಿನಿಂದ ತಾಕಿಗೆ ನೀರು ಹರಿಯುವ ತೊಂದರೆ ಕಡಿಮೆ.

ಬಡಾವಣೆ ಏಳುವಾಗ ಹಳೆಯ ತೋಟದ ಮಣ್ಣನ್ನು ಅಗೆದು ಲಾರಿಗಳಲ್ಲಿ ಸಾಗಿಸಿ ಮಾರುವುದನ್ನು ಎಲ್ಲರೂ ನೋಡಿದ್ದಾರೆ. ಹೊಲಕ್ಕೆ ಮಣ್ಣು ಹೊಡೆಸುವವರು, ಕೈತೋಟದ ಕುಂಡ ತುಂಬುವವರು, ಸಸಿಮಡಿ ಮಾಡುವವರು ಅದು ಯಾವ ನೆಲದ ಮಣ್ಣೆಂದು ಒಂದು ಮಾತು ಕೇಳಿ ತಿಳಿಯಬೇಕು.

ಅಂಗಾಂಶ ಕೃಷಿ ಸಸಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ

ರೋಗವನ್ನು ಕಂದಿನ ಜೊತೆ ತರಬಾರದೆಂದಾದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಕೃಷಿ ಸಸಿಗಳೇ ಉತ್ತಮ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ದೃಢೀಕರಣ ವ್ಯವಸ್ಥೆ 2006ರಿಂದ ಜಾರಿಯಲ್ಲಿದೆ. ಅಂಥ ದೃಢೀಕರಣವಿರುವ ಕಡೆಯಿಂದ ಸಸಿ ಕೊಳ್ಳುವುದು ಕ್ಷೇಮ. ಆದರೆ ಈ ಸಸಿಗಳು ರೋಗವಿಲ್ಲದ ಸಸಿಗಳೇ ಹೊರತು ರೋಗ ಬಾರದ ಸಸಿಗಳಲ್ಲ. ಏಲಕ್ಕಿಯ ಅಂಗಾಂಶ ಸಸಿಯೂ ಏಲಕ್ಕಿಯೇ. ಶಿಲೀಂಧ್ರವಿರುವ ಮಣ್ಣಿಗೆ ಬಿದ್ದರೆ ಅದರ ಎಳೆ ಬೇರು ಕಂದಿನ ಬೇರಿಗಿಂತಲೂ ಬೇಗ ಸೋಲುವುದುಂಟು. ಪ್ರಯೋಗಾಲಯದಿಂದ ಶುದ್ಧವಾಗಿ ಬಂದ ಸಸಿಯನ್ನು ಹಳೆಯ ಬಾಳೆ ತೋಟದ ಮಣ್ಣು ತುಂಬಿದ ಚೀಲದಲ್ಲಿ ಬೆಳೆಸಿದರೆ ಖರ್ಚು ಮಾಡಿದ ಹಣವೂ ವ್ಯರ್ಥ.

ಕಂದನ್ನೇ ನೆಡಬೇಕಾದವರು ಒಂದೂ ಗಿಡ ಸೊರಗದ ತೋಟವನ್ನು ಸ್ವತಃ ನೋಡಿ, ಕತ್ತಿಯಂತಹ ಕಿರಿದಾದ ಎಲೆಗಳುಳ್ಳ ಕಂದುಗಳನ್ನು ಆರಿಸಿಕೊಳ್ಳಬೇಕು. ಬೇರು ಮತ್ತು ಗೆಡ್ಡೆಯ ಮೇಲಿನ ಹೊರಪದರವನ್ನು ಅಲ್ಲಿಯೇ ಹೆರೆದು ಬಿಡಬೇಕು. ಒಳಗೆ ಕೆಂಗಂದು ಚುಕ್ಕೆ ಕಂಡರೆ ಆ ತೋಟದ ಕಂದು ಬೇಡವೇ ಬೇಡ. ಚೊಕ್ಕಟವಾದ ಕಂದುಗಳನ್ನು ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಂ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ ನೆಡಲು ಶಿಫಾರಸು ಮಾಡಲಾಗಿದೆ. ಇದರಿಂದ ಹೊರಗೆ ಅಂಟಿದ ರೋಗಾಣು ಸಾಯಬಹುದು. ನಾಳದೊಳಗೆ ಇಳಿದಿರುವುದನ್ನು ಈ ದ್ರಾವಣ ತಲುಪಲಾರದು. ನಾಟಿಯ ಸಮಯದಲ್ಲಿ ಕೊಟ್ಟಿಗೆ ಗೊಬ್ಬರದೊಂದಿಗೆ ಟ್ರೈಕೋಡರ್ಮಾ ಸೇರಿಸಿ ಗುಣಿಗೆ ಹಾಕುವುದು ಸಹಾಯಕ. ಆದರೆ ಅದನ್ನು ರೋಗವಿಲ್ಲದಾಗಲೇ ಬಳಸಬೇಕು. ಎಲೆ ಜೋತು ಬಿದ್ದ ಮೇಲೆ ಹಾಕಿ ಫಲ ಬರಲಿಲ್ಲವೆಂದು ದೂರುವುದು ಸರಿಯಲ್ಲ.

ಒಂದು ಗಿಡ ಕಂಡ ದಿನ

ಮೊದಲ ಗಿಡ ಕಂಡ ದಿನ ಮಾಡುವ ಕೆಲಸವೇ ಮುಂದಿನ ವರ್ಷಗಳನ್ನು ನಿರ್ಧರಿಸುತ್ತದೆ. ಆ ಗಿಡವನ್ನು ತೋಟದ ನಡುವೆ ಎಳೆದುಕೊಂಡು ಹೊರಗೆ ತರಬಾರದು. ಎಳೆದ ದಾರಿಯುದ್ದಕ್ಕೂ ರೋಗ ಬಿತ್ತಿದಂತಾಗುತ್ತದೆ. ಇದ್ದಲ್ಲಿಯೇ ಗೆಡ್ಡೆ ಸಮೇತ ಅಗೆದು, ತುಂಡು ಮಾಡಿ, ಒಣಗಿದ ಮೇಲೆ ಅಲ್ಲಿಯೇ ಸುಡಬೇಕು. ಗುಣಿಗೆ 1ರಿಂದ 2 ಕಿಲೋ ಸುಣ್ಣ ಹಾಕಬೇಕು. ಸುತ್ತಲಿನ ಎಂಟು ಗಿಡಗಳ ಕಂದನ್ನು ಯಾರಿಗೂ ಕೊಡಬಾರದು, ನೀವೂ ನೆಡಬಾರದು. ಆ ಜಾಗದ ಕಳೆ ಕೀಳುವುದು, ಕಂದು ತೆಗೆಯುವುದು ಇತ್ಯಾದಿ ಕೆಲಸಗಳನ್ನು ದಿನದ ಕೊನೆಗೆ ಮಾಡಿ, ಹತಾರ ಮತ್ತು ಕಾಲುಗಳನ್ನು ತೊಳೆದು ಹೊರಬರಬೇಕು. ನೀರು ಅಲ್ಲಿಂದ ಬೇರೆ ಸಾಲುಗಳಿಗೆ ಹರಿಯದಂತೆ ಬದು ಹಾಕಬೇಕು. ನೆರೆಯ ಗಿಡಗಳ ಗೆಡ್ಡೆಗೆ ಶೇಕಡ 2ರ ಕಾರ್ಬೆಂಡಜಿಂ ದ್ರಾವಣವನ್ನು 3 ಮಿಲಿ ಲೀಟರಿನಂತೆ ಮೂರು, ಐದು ಮತ್ತು ಏಳನೆಯ ತಿಂಗಳಲ್ಲಿ ಚುಚ್ಚುವ ವಿಧಾನವೊಂದಿದೆ. ತಮಿಳುನಾಡಿನಲ್ಲಿ ಇದನ್ನು ಶಿಫಾರಸು ಮಾಡುತ್ತಾ ಬಂದಿದ್ದಾರೆ. ಇದು ಕೈಗೆ ಬಂದ ಬೆಳೆಯನ್ನು ಉಳಿಸಿಕೊಳ್ಳುವ ಪ್ರಯತ್ನ ಮಾತ್ರ, ಮಣ್ಣನ್ನು ಶುದ್ಧಿ ಮಾಡುವುದಿಲ್ಲ. ಯೂರಿಯಾ ಹೆಚ್ಚಾಗಿ ಸುರಿಯುವುದು, ಬುಡದಲ್ಲಿ ನೀರು ನಿಲ್ಲಿಸುವುದು ರೋಗಕ್ಕೆ ಅನುಕೂಲ. ಹುಳಿ ಮಣ್ಣಿನಲ್ಲಿ ರೋಗದ ಹಾವಳಿ ಹೆಚ್ಚಾದುದರಿಂದ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡುವುದು ಒಳ್ಳೆಯದು.

ತೋಟದ ಕಾಲು ಭಾಗಕ್ಕಿಂತ ಹೆಚ್ಚು ಸೊರಗಿದ್ದರೆ ಕೂಳೆ ಬೆಳೆಯ ಆಸೆ ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ನೀರಿನ ಅನುಕೂಲವಿದ್ದಲ್ಲಿ ಒಂದೆರಡು ವರ್ಷ ಭತ್ತ ಬೆಳೆದರೆ ಮಣ್ಣಿನಲ್ಲಿ ಶಿಲೀಂಧ್ರ ಗಣನೀಯವಾಗಿ ಇಳಿಯುವುದು ತೈವಾನಿನ ಅನುಭವದಿಂದಲೂ ತಿಳಿದುಬಂದಿದೆ. ಕೆಂಗೇರಿ ಸುತ್ತಿನ ಮಳೆಯಾಶ್ರಿತ ನೆಲದಲ್ಲಿ ಭತ್ತ ಆಗದ ಮಾತು. ಅಲ್ಲಿ ರಾಗಿ, ಮೇವಿನ ಜೋಳ, ತರಕಾರಿಗಳಿಗೆ ತಿರುಗಬೇಕಾಗುತ್ತದೆ. ಬಾಳೆಯೇ ಬೇಕೆನ್ನುವವರು ಪಚ್ಚಬಾಳೆ ಗುಂಪಿನ ತಳಿ ಇಡಬಹುದು.

ಹಾಗೆ ಇಟ್ಟ ಪಚ್ಚಬಾಳೆ ಅಥವಾ ಜಿ-9 ಗಿಡದಲ್ಲಿಯೇ ಎಲೆ ಜೋತುಬಿದ್ದು, ಕಾಂಡದೊಳಗೆ ಕೆಂಗಂದು ಗೆರೆ ಕಂಡುಬಂದರೆ ತಡಮಾಡದೆ ತೋಟಗಾರಿಕೆ ಇಲಾಖೆಗೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲವೇ ಹೆಬ್ಬಾಳದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಸಸ್ಯರೋಗ ವಿಭಾಗಕ್ಕೆ ತಿಳಿಸಬೇಕು. ಪರೀಕ್ಷೆಗೆಂದು ಗಿಡವನ್ನೇ ಕಿತ್ತು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರಬೇಡಿ. ಕಾಂಡದ ಒಳಗಿನಿಂದ ಬಣ್ಣ ತಿರುಗಿದ ನಾಳದ ಎಳೆಗಳನ್ನು ಅಂಗುಲದುದ್ದದ ನಾಲ್ಕಾರು ತುಂಡುಗಳಾಗಿ ಬಿಡಿಸಿ, ಮಣ್ಣು ತಾಗದಂತೆ ಶುದ್ಧವಾದ ಕಾಗದದ ಮಡಿಕೆಯಲ್ಲಿಟ್ಟು, ನೆರಳಿನಲ್ಲಿ ಒಣಗಿಸಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಟ್ಟಿದರೆ ದಾರಿಯಲ್ಲಿಯೇ ಕೊಳೆತು ಪರೀಕ್ಷೆಗೆ ಬಾರದಂತಾಗುತ್ತದೆ. ಕಾಗದದ ಮೇಲೆ ತಳಿಯ ಹೆಸರು, ನಾಟಿ ಮಾಡಿದ ತಿಂಗಳು, ಸೊರಗಿದ ಗಿಡಗಳ ಸಂಖ್ಯೆ, ಮತ್ತು ಕಂದನ್ನೋ ಸಸಿಯನ್ನೋ ಎಲ್ಲಿಂದ ತಂದುದು ಎಂಬುದನ್ನು ಬರೆದಿರಬೇಕು. ಕೊನೆಯ ಈ ವಿವರವನ್ನು ಬರೆಯುವುದೇ ಎಷ್ಟೋ ರೈತರು ಮರೆಯುತ್ತಾರೆ. ರೋಗ ಇನ್ನೂ ಯಾವ ಯಾವ ತೋಟಗಳಿಗೆ ಹೋಗಿರಬಹುದೆಂದು ಹುಡುಕಲು ಹೊರಡುವವರಿಗೆ ಮೊದಲು ಬೇಕಾಗುವುದೂ ಅದೇ.